ಪೇಟೆಯ ಕಟ್ಟಡದ ಧಣಿಗಳಿಗೆ, ಮುಚ್ಚಿದ ಶಟರಿನ ಪಕ್ಕದ ಅಂಗಡಿಯಿಂದ ಒಂದು ಬಹಿರಂಗ ಪತ್ರ

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡ್ ಸುತ್ತಮುತ್ತಲಿನ ಕಟ್ಟಡಗಳ ಧಣಿಗಳಿಗೆ, ಮತ್ತು ಈ ಪೇಟೆಯ ಎಲ್ಲ ವಾರ್ಡುಗಳ ಕೌನ್ಸಿಲರ್‌ಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಎಂ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುತ್ತೇನೆ. ನೂಲು, ಬಟನ್, ಹುಕ್ಕು, ಜಿಪ್, ಲೈನಿಂಗ್ ಬಟ್ಟೆ, ಸೀರೆಗೆ ಫಾಲ್ಸ್, ಇಷ್ಟೇ ನಮ್ಮ ವ್ಯಾಪಾರ. 1979ರಲ್ಲಿ ಮಾವ ಬಾಡಿಗೆಗೆ ಹಿಡಿದ ರೂಮು ಇದು, ಒಳಗೆ 110 ಚದರ ಅಡಿ. ಮಾವ ತೀರಿಹೋದ ಮೇಲೆ ಹದಿನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕಟ್ಟಡದ ಲೆಕ್ಕ, ಪ್ಲಾನು, ಇವೆಲ್ಲ ದೊಡ್ಡವರ ವಿಷಯ ಅಂತ ಇಷ್ಟು ದಿನ ಸುಮ್ಮನಿದ್ದೆ. ಈಗ ಸುಮ್ಮನಿರಲು ಆಗುತ್ತಿಲ್ಲ, ಅದಕ್ಕೇ ಈ ಪತ್ರ.

ಮೊದಲು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಎರಡೂ ಬದಿ ಸೇರಿ ಹತ್ತೊಂಬತ್ತು ಶಟರ್ ಇದೆ. ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಣಿಸಿದೆ. ಏಳು ಮುಚ್ಚಿತ್ತು. ರಜೆ ಮಾಡಿದ್ದಲ್ಲ, ಖಾಲಿ ಬಿದ್ದದ್ದು. ನಮ್ಮ ಬಲಬದಿಯ ರೂಮಿಗೆ 'ಬಾಡಿಗೆಗೆ ಇದೆ' ಅಂತ ಅಂಟಿಸಿದ ಕಾಗದ ಎರಡು ಮಳೆಗಾಲ ಕಂಡಿದೆ. ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ ಅಳಿಸಿಹೋಗಿದೆ. ಬಾಡಿಗೆಗೆ ಬೇಕು ಅಂತ ಯಾರಾದರೂ ಬಂದರೂ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಒಂದು ಶಟರ್ ಮುಚ್ಚಿದರೆ ಪಕ್ಕದವರಿಗೆ ಏನಾಗುತ್ತದೆ ಅಂತ ಧಣಿಗಳಿಗೆ ಗೊತ್ತಿರಲಿಕ್ಕಿಲ್ಲ. ಬ್ಲೌಸ್ ಪೀಸ್ ಹಿಡಿದುಕೊಂಡು ಬಂದವರು ನೂಲಿನ ಬಣ್ಣವನ್ನು ಅಂಗಡಿಯ ಒಳಗೆ ನೋಡಿ ಒಪ್ಪುವುದಿಲ್ಲ. ಎರಡು ಮೂರು ರೀಲು ಎತ್ತಿಕೊಂಡು ಜಗಲಿಗೆ ಬರುತ್ತಾರೆ, ನೂಲಿನ ತುದಿ ಎಳೆದು ಬಟ್ಟೆಯ ಮೇಲೆ ಇಟ್ಟು ನೋಡುತ್ತಾರೆ. ಒಳಗಿನ ಬೆಳಕಿಗೆ ಬಾಟಲ್ ಗ್ರೀನೂ ಕಪ್ಪೂ ಒಂದೇ ಥರ ಕಾಣುತ್ತದಲ್ವಾ, ಅದಕ್ಕೆ. ಸಂಜೆ ಆದ ಮೇಲೆ ಜಗಲಿಗೆ ಬೆಳಕು ಕೊಡುತ್ತಿದ್ದದ್ದು ಅಕ್ಕಪಕ್ಕದ ಅಂಗಡಿಗಳ ಲೈಟು. ಎಡಗಡೆ ಟೈಲರಣ್ಣನ ಬಲ್ಬು, ಬಲಗಡೆ ಬ್ಯಾಗ್ ರಿಪೇರಿಯವರ ಎರಡು ಟ್ಯೂಬ್‌ಲೈಟು. ಎರಡೂ ಈಗ ಇಲ್ಲ. ಆರೂವರೆ ಆಯಿತೆಂದರೆ ನಮ್ಮ ಮೆಟ್ಟಿಲ ಎರಡೂ ಕಡೆ ಕತ್ತಲೆ. ಕಾಲೇಜು ಬಿಟ್ಟು ಬರುವ ಹುಡುಗಿಯರು ಓಣಿಯ ಬಾಯಿಯಲ್ಲೇ ನಿಂತು ಒಳಗೆ ನೋಡಿ ಹಿಂದೆ ಹೋಗುವುದನ್ನು ನಾನು ಕುಳಿತಲ್ಲಿಂದಲೇ ನೋಡಿದ್ದೇನೆ. ಎಂಟು ಗಂಟೆಗೆ ಮುಚ್ಚುತ್ತಿದ್ದ ಅಂಗಡಿಯನ್ನು ಈಗ ಏಳಕ್ಕೆ ಮುಚ್ಚುತ್ತೇನೆ.

ಬೆಳಕು ಮಾತ್ರ ಅಲ್ಲ. ಟೈಲರಣ್ಣನ ಹತ್ತಿರ ಅಳತೆ ಕೊಡಲು ಬಂದವರು ಲೈನಿಂಗ್ ತೆಗೆದುಕೊಳ್ಳಲು ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮಲ್ಲಿಗೆ ನೂಲಿಗೆ ಬಂದವರು ಬ್ಯಾಗಿನ ಹರಿದ ಹಿಡಿ ಹೊಲಿಸಲು ಪಕ್ಕಕ್ಕೆ ಹೋಗುತ್ತಿದ್ದರು. ಕಾಯುವಾಗ ಎದುರಿನಲ್ಲಿ ಚಾ ಕುಡಿಯುತ್ತಿದ್ದರು. ಒಬ್ಬರ ಗಿರಾಕಿ ಮತ್ತೊಬ್ಬರಿಗೂ ಗಿರಾಕಿ. ನಿಮ್ಮ ರೂಮಿಗೆ ಬಾಡಿಗೆ ಬರುತ್ತಿದ್ದದ್ದು ಅದರ ಗೋಡೆಯಿಂದಲೋ ಟೈಲ್ಸಿನಿಂದಲೋ ಅಲ್ಲ, ಪಕ್ಕದ ಅಂಗಡಿ ತೆರೆದಿತ್ತು ಅನ್ನುವುದರಿಂದ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ.

ಬ್ಯಾಗ್ ರಿಪೇರಿಯವರು ಯಾಕೆ ಹೋದರು? ವ್ಯಾಪಾರ ಇಲ್ಲದೆ ಅಲ್ಲ. ಬಾಡಿಗೆ ಒಮ್ಮೆಲೇ ಎರಡು ಪಟ್ಟು ಹತ್ತಿರ ಕೇಳಿದರು, ಮೇಲೆ 3 ಲಕ್ಷ ಅಡ್ವಾನ್ಸ್. ಇಲ್ಲದಿದ್ದರೆ ಬಿಡಿ, ಹೇಗೂ ಹೊಸ ಕಾಂಪ್ಲೆಕ್ಸ್ ಬರಲಿದೆ ಅಂದರು. ಆ ಧಣಿ ಯಾರು, ಎಲ್ಲಿದ್ದಾರೆ ಅಂತ ಇಲ್ಲಿ ಬರೆಯುವುದಿಲ್ಲ. ಯಾರನ್ನೂ ನಾಲ್ಕು ಜನರ ಮುಂದೆ ಸಣ್ಣ ಮಾಡಲು ಈ ಪತ್ರ ಬರೆಯುತ್ತಿಲ್ಲ. ಬ್ಯಾಗ್ ರಿಪೇರಿಯವರು ಹೋಗಿ ಇಪ್ಪತ್ತು ತಿಂಗಳಾಯಿತು. ಕಾಂಪ್ಲೆಕ್ಸ್ ಬಂದಿಲ್ಲ, ಬಾಡಿಗೆದಾರರೂ ಬಂದಿಲ್ಲ.

ಧಣಿಗಳಲ್ಲಿ ಕೇಳಿದರೆ 'ಪೇಟೆ ಬಿದ್ದುಹೋಗಿದೆ' ಅನ್ನುತ್ತಾರೆ. ಪೇಟೆ ಬದಲಾಗಿದೆ ನಿಜ. 1984ರಲ್ಲಿ ಜಿಲ್ಲೆ ಆಯಿತು, ಆಮೇಲೆ ಕಲೆಕ್ಟರೇಟು, ಕೋರ್ಟು, ಆಫೀಸುಗಳು ವಿದ್ಯಾನಗರದ ಕಡೆ ಬೆಳೆದವು. ಹೊಸ ಬಸ್‌ಸ್ಟ್ಯಾಂಡ್ ಬಂದ ಮೇಲೆ ಅರ್ಧ ಜನ ಅಲ್ಲೇ ಇಳಿದು ಅಲ್ಲೇ ಹತ್ತಿ ಹೋಗುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರ ಆರು ಪಥದ ಕೆಲಸದಲ್ಲಿ ಕೆಲವು ವರ್ಷ ಧೂಳು ತಿಂದೆವು. ಈಗ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿವರೆಗೆ ಒಂಟಿ ಕಂಬಗಳ ಮೇಲೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದದ ಮೇಲ್ಸೇತುವೆ ಇದೆ. ದೂರದ ಗಾಡಿಗಳಿಗೆ ಪೇಟೆ ಕಾಣುವುದೇ ಇಲ್ಲ, ತಲೆಯ ಮೇಲಿಂದ ಹೋಗಿಬಿಡುತ್ತವೆ. ಮಂಗಳೂರು ಇರುವುದು ಸುಮಾರು 50 ಕಿಲೋಮೀಟರು ದೂರದಲ್ಲಿ. ಮದುವೆ ಜವಳಿಗೆ ಅಲ್ಲಿಗೆ ಹೋಗುವವರು ಮೊದಲೂ ಇದ್ದರು, ಈಗ ಜಾಸ್ತಿ. ಉಳಿದದ್ದು ಫೋನಿನಲ್ಲಿ ಬರುತ್ತದೆ.

ಆದರೂ ಪೇಟೆ ಬಿದ್ದುಹೋಗಿಲ್ಲ. ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಕುಂಬಳೆಯಿಂದ ಜನ ಇವತ್ತಿಗೂ ಬರುತ್ತಾರೆ. ಅಡಿಕೆಗೆ ಒಳ್ಳೆ ರೇಟ್ ಸಿಕ್ಕಿದ ವರ್ಷ ನಮ್ಮಲ್ಲಿ ಲೈನಿಂಗ್ ಥಾನುಗಳು ಬೇಗ ಬೇಗ ಮುಗಿಯುತ್ತವೆ. ಜೂನ್ 1ಕ್ಕೆ ಶಾಲೆ ತೆರೆಯುವ ಮೊದಲಿನ ಎರಡು ವಾರ ಯೂನಿಫಾರ್ಮಿನ ಬಟನ್ ಕೊಟ್ಟು ಪೂರೈಸುವುದಿಲ್ಲ. ಪೆರ್ನಾಳ್ (ಈದ್ ಹಬ್ಬ), ಓಣಂ, ವಿಷು, ಒಂದೊಂದಕ್ಕೂ ಒಂದೊಂದು ಬಣ್ಣ ಖರ್ಚಾಗುತ್ತದೆ. ಬೆಳಗಿನ ಮೀನು ಮಾರ್ಕೆಟಿಗೆ ಬಂದು ನೋಡಿ, ಪೇಟೆ ಇದೆಯೋ ಇಲ್ಲವೋ ಅಂತ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಭಾಷೆಯಲ್ಲೂ ಗುಲಾಬಿ ಬಣ್ಣ ಕೇಳುವವರು ಒಂದೇ ದಿನ ನಮ್ಮ ಮೆಟ್ಟಿಲು ಹತ್ತುತ್ತಾರೆ. ಬೇರೆ ಯಾವ ಊರಲ್ಲಿ ಇದು ಇದೆ?

ಕಷ್ಟ ಇರುವುದು ರೇಟು ಹೇಳುವ ರೀತಿಯಲ್ಲಿ. ಹೈವೇ ಬದಿಯಲ್ಲಿ ಹೊಸದಾಗಿ ಕಟ್ಟಿದ ಶೋರೂಮಿಗೆ ಚದರ ಅಡಿಗೆ ಎಷ್ಟು ಅಂತ ಕೇಳಿಕೊಂಡು ಬಂದು ಅದೇ ರೇಟನ್ನು ಇಲ್ಲಿಯ ಓಣಿಗೂ ಹೇಳುತ್ತಾರೆ. ಆ ಶೋರೂಮಿನ ಮುಂದೆ ಹತ್ತು ಕಾರು ನಿಲ್ಲುತ್ತದೆ. ದೂರದಿಂದಲೇ ಬೋರ್ಡು ಕಾಣುತ್ತದೆ. ಅಲ್ಲಿಗೆ ಬರುವವರು ಚಿನ್ನವೋ ಫ್ರಿಜ್ಜೋ ತೆಗೆದುಕೊಳ್ಳಲು ಅಂತಲೇ ಮನೆಯಿಂದ ಹೊರಟು ಬರುತ್ತಾರೆ. ಇಲ್ಲಿಗೆ ಬರುವವರು ಎರಡು ಬಸ್ಸಿನ ನಡುವೆ ಇಪ್ಪತ್ತು ನಿಮಿಷ ಇದೆ ಅಂತ ಬರುತ್ತಾರೆ. ಎರಡಕ್ಕೂ ಒಂದೇ ಬಾಡಿಗೆ ಹೇಗಾಗುತ್ತದೆ?

ನಮ್ಮ ಲೆಕ್ಕ ಬಿಚ್ಚಿ ಹೇಳುತ್ತೇನೆ, ಮುಚ್ಚಿಡುವುದು ಏನೂ ಇಲ್ಲ. ನಮ್ಮ ವ್ಯಾಪಾರದಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ ನಾಲ್ಕಾಣೆ ಉಳಿಯುತ್ತದೆ. ಈಗ ಕೊಡುವ ಬಾಡಿಗೆ 7,500. ಅಂದರೆ ತಿಂಗಳಿಗೆ 30,000 ರೂಪಾಯಿ ಸಾಮಾನು ಮಾರಿದರೆ ಬಾಡಿಗೆ ಹುಟ್ಟುತ್ತದೆ. 26 ದಿನ ಅಂತ ಹಿಡಿದರೆ ದಿನಕ್ಕೆ 1,150ರ ಹತ್ತಿರ. ಅದಾದ ಮೇಲೆ ಕರೆಂಟು, ಹುಡುಗಿಯ ಸಂಬಳ, ಆಮೇಲೆ ನಾವು. ಈಗ ಕೇಳುತ್ತಿರುವುದು 18,000. ಅದಕ್ಕೆ ತಿಂಗಳಿಗೆ 72,000 ಮಾರಬೇಕು, ದಿನಕ್ಕೆ 2,770 ರೂಪಾಯಿ, ಬಾಡಿಗೆ ಒಂದಕ್ಕೇ. ಹತ್ತು ಹದಿನೈದು ರೂಪಾಯಿಯ ನೂಲಿನ ರೀಲು ಮಾರಿ. ದಿನಸಿ ಅಂಗಡಿಯವರದ್ದು ಇನ್ನೂ ಕಷ್ಟ. ನೂರಕ್ಕೆ ಹತ್ತು ಉಳಿಯುವವರಾದರೆ ಆ ಬಾಡಿಗೆಗೆ ಅವರು 1,80,000 ಮಾರಬೇಕು.

ಅಡ್ವಾನ್ಸಿನ ಲೆಕ್ಕವೂ ಹಾಗೆಯೇ. 3 ಲಕ್ಷ ಧಣಿಯ ಕೈಗೆ ಹೋದರೆ, ನೂರಕ್ಕೆ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೂ ತಿಂಗಳಿಗೆ 1,750 ರೂಪಾಯಿ. ಅದೇ 3 ಲಕ್ಷವನ್ನು ನಮ್ಮಂಥವರು ಹೊರಗಿನಿಂದ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 6,000 ಕಟ್ಟಬೇಕು. ನಿಮಗೆ 1,750 ಸಿಗಲು ನಾವು 6,000 ಕಳೆದುಕೊಳ್ಳುತ್ತೇವೆ. ನಡುವಿನ 4,250 ನಿಮಗೂ ಇಲ್ಲ, ನಮಗೂ ಇಲ್ಲ. ಅದರ ಬದಲು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ತೆಗೆದುಕೊಂಡು, ಬಾಡಿಗೆಯನ್ನೇ ಒಂದು ಸಾವಿರ ಜಾಸ್ತಿ ಕೇಳಿ, ಅದು ನಡೆಯುತ್ತದೆ.

ಇನ್ನು ನಿಮ್ಮ ಲೆಕ್ಕ. ಪಕ್ಕದ ರೂಮಿಗೆ 18,000 ಬೇಕು ಅಂತ ಇಪ್ಪತ್ತು ತಿಂಗಳು ಕಾದದ್ದು. ಬ್ಯಾಗ್ ರಿಪೇರಿಯವರು 10,000ಕ್ಕೆ ತಯಾರಿದ್ದರು, ನನ್ನ ಎದುರೇ ಹೇಳಿದ್ದರು. ಆ ಇಪ್ಪತ್ತು ತಿಂಗಳಲ್ಲಿ 2 ಲಕ್ಷ ಕೈಗೆ ಬರುತ್ತಿತ್ತು. ಸರಿ, ನಾಳೆಯೇ 18,000 ಕೊಡುವವರು ಒಬ್ಬರು ಬಂದರು ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ ಜಾಸ್ತಿ ಸಿಗುವುದು 8,000. ಹೋದ 2 ಲಕ್ಷ ತುಂಬಲು ಇನ್ನೂ 25 ತಿಂಗಳು ಬೇಕು. ಕಾಯಲು ಶುರು ಮಾಡಿದ ದಿನದಿಂದ ಹಿಡಿದರೆ ನಾಲ್ಕು ವರ್ಷಕ್ಕೆ ಮೂರೇ ತಿಂಗಳು ಕಡಿಮೆ. ಅದರ ನಡುವೆ ಕಟ್ಟಡದ ತೆರಿಗೆ ನಿಲ್ಲುವುದಿಲ್ಲ, ಶಟರ್ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ, ಸೋರುವ ಸ್ಲ್ಯಾಬು ತಾನಾಗಿ ಸರಿಯಾಗುವುದಿಲ್ಲ. ಈ ಲೆಕ್ಕವನ್ನು ನಾನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಹಾಕಿದ್ದು. ತಪ್ಪಿದ್ದರೆ ದಯವಿಟ್ಟು ತಿದ್ದಿ.

ನಿಮ್ಮ ಹೆದರಿಕೆಯೂ ನನಗೆ ಗೊತ್ತು. ಒಮ್ಮೆ ಕೊಟ್ಟರೆ ಬಿಡುವುದಿಲ್ಲ ಅನ್ನುವ ಹೆದರಿಕೆ. ಅದು ಸುಳ್ಳಲ್ಲ. ಅಜ್ಜನ ಕಾಲದ ಬಾಡಿಗೆ ಕೊಟ್ಟುಕೊಂಡು, ಅದೇ ರೂಮನ್ನು ಬೇರೆಯವರಿಗೆ ನಾಲ್ಕು ಪಟ್ಟಿಗೆ ಒಳಬಾಡಿಗೆ ಕೊಟ್ಟವರು ನಮ್ಮ ನಡುವೆಯೂ ಇದ್ದಾರೆ. ಅದು ತಪ್ಪು. ವ್ಯಾಪಾರಿಗಳ ಪರವಾಗಿ ಬರೆಯುವಾಗ ಇದನ್ನು ಬಿಟ್ಟು ಬರೆದರೆ ನಿಮಗೆ ನನ್ನ ಮಾತಿನ ಮೇಲೆ ನಂಬಿಕೆ ಬರಲಿಕ್ಕಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಾಗದೆ, ಒಬ್ಬರು ಗಲ್ಫಿನಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಸಹಿ ಹಾಕುವವರು ಯಾರು ಅಂತ ತೀರ್ಮಾನವಾಗದೆ ಬೀಗ ಬಿದ್ದ ಕಟ್ಟಡಗಳೂ ಇವೆ. ಅಂಥವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪಾಲು ಆಗುವವರೆಗೆ ಒಬ್ಬರ ಹೆಸರಿಗೆ ಮುಖ್ತ್ಯಾರ್‌ನಾಮೆ ಬರೆದುಕೊಡಿ, ಬಾಡಿಗೆಯನ್ನು ಜಂಟಿ ಖಾತೆಗೆ ಹಾಕಿಸಿ. ರೂಮು ತೆರೆದಿರಲಿ.

ಹನ್ನೊಂದು ತಿಂಗಳ ಕರಾರು ಬೇಡ. ಒಂದು ವರ್ಷಕ್ಕಿಂತ ಜಾಸ್ತಿಯ ಗೇಣಿಯಾದರೆ ರಿಜಿಸ್ಟರ್ ಮಾಡಿಸಬೇಕು, ಖರ್ಚಾಗುತ್ತದೆ, ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಯುತ್ತಾರೆ. ಆದರೆ ಹನ್ನೊಂದು ತಿಂಗಳಿಗೆ ಹಿಡಿದ ರೂಮಿಗೆ ಯಾರು ಕಪಾಟು ಮಾಡಿಸುತ್ತಾರೆ, ಯಾರು ಬೋರ್ಡು ಹಾಕಿಸುತ್ತಾರೆ? ಐದು ವರ್ಷಕ್ಕೆ ಬರೆದು ರಿಜಿಸ್ಟರ್ ಮಾಡಿ. ವರ್ಷಕ್ಕೆ ನೂರಕ್ಕೆ ಐದು ಏರಿಸುವುದನ್ನು ಅದರಲ್ಲೇ ಬರೆಯಿರಿ. ಒಳಬಾಡಿಗೆ ಕೊಟ್ಟರೆ ಕರಾರು ಮುಗಿಯಿತು ಅಂತಲೂ ಬರೆಯಿರಿ, ನಾನು ಮೊದಲ ಸಹಿ ಹಾಕುತ್ತೇನೆ. ಖರ್ಚು ಅರ್ಧ ಅರ್ಧ. ಜೊತೆಗೆ ಬಾಡಿಗೆಗೆ ರಶೀದಿ ಕೊಡಿ. ಜಿಎಸ್‌ಟಿ ವಿಷಯ ಬಂದಾಗ ರಶೀದಿ ಇಲ್ಲದೆ ಕಷ್ಟಪಡುವವರು ನಾವು. ಅಂಗಡಿ ಬಾಡಿಗೆಯ ಮೇಲೆ ನೂರಕ್ಕೆ 18 ತೆರಿಗೆ ಇದೆ. 2024ರ ಅಕ್ಟೋಬರ್ 10ರಿಂದ ಧಣಿಗೆ ನೋಂದಣಿ ಇಲ್ಲದಿದ್ದರೂ ನೋಂದಣಿ ಇರುವ ಬಾಡಿಗೆದಾರ ತಾನೇ ಅದನ್ನು ಕಟ್ಟಬೇಕು ಅಂತಾಯಿತು. ಕಂಪೋಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆಯಲ್ಲಿ, ಇರುವವರಿಗೆ 2025ರ ಜನವರಿ 16ರಿಂದ ಅದು ಬೇಡ ಅಂತ ಬಿಟ್ಟರು, ದೇವರ ದಯೆ. ಉಳಿದವರ ತಲೆಯ ಮೇಲೆ ಅದು ಇದೆ. ಬಾಡಿಗೆ ಹೇಳುವಾಗ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ಹೊಸ ಕಾಂಪ್ಲೆಕ್ಸಿನ ವಿಷಯ. ಹಳೆ ಪೇಟೆಯನ್ನು ಕೆಡವಿ ಹೊಸದು ಕಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ರೂಮಿನ ಮಾಡಿನ ಮರಕ್ಕೆ ಗೆದ್ದಲು ಹಿಡಿದಿದೆ, ಮಳೆಗಾಲದಲ್ಲಿ ಲೈನಿಂಗ್ ಥಾನುಗಳನ್ನು ಪ್ಲಾಸ್ಟಿಕ್ ಹೊದಿಸಿ ಇಡುತ್ತೇನೆ. ಕಟ್ಟಲೇಬೇಕು. ಹೇಗೆ ಕಟ್ಟುತ್ತೀರಿ ಅನ್ನುವುದು ಪ್ರಶ್ನೆ.

ಹೋದ ವರ್ಷ ರೂಮು ಹುಡುಕಿಕೊಂಡು ಒಂದು ಹೊಸ ಕಾಂಪ್ಲೆಕ್ಸಿಗೆ ಹೋಗಿದ್ದೆ. ಹೆಸರು ಬೇಡ. ಮೊದಲ ಮಹಡಿಯಲ್ಲಿ 150 ಚದರ ಅಡಿಯ ರೂಮು ಅಂದರು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಹೊಲಿಗೆಯ ಟೇಪು ಇರುತ್ತದೆ. ಮೊಣಕಾಲೂರಿ ಗೋಡೆಯಿಂದ ಗೋಡೆಗೆ ಅಳೆದೆ. ಒಂದು ಕಡೆ ಹದಿನಾಲ್ಕು ಅಡಿ, ಇನ್ನೊಂದು ಕಡೆ ಏಳು. 98 ಚದರ ಅಡಿ. ಉಳಿದ 52 ಎಲ್ಲಿ ಅಂತ ಕೇಳಿದರೆ ಮೆಟ್ಟಿಲು, ಲಿಫ್ಟು, ವರಾಂಡ, ಟಾಯ್ಲೆಟ್ ಎಲ್ಲದರ ಪಾಲು ಅಂದರು, ಸೂಪರ್ ಬಿಲ್ಟ್‌ಅಪ್ ಅನ್ನುತ್ತಾರಂತೆ. ಅದರ ಮೇಲೆ ಮೇಂಟೆನೆನ್ಸ್ ಬೇರೆ. ಆ ಮಹಡಿಯಲ್ಲಿ ಅವತ್ತು ತೆರೆದಿದ್ದದ್ದು ಒಂದು ಮೊಬೈಲ್ ಅಂಗಡಿ, ಒಂದು ಟ್ರಾವೆಲ್ಸ್. ಎರಡನೇ ಮಹಡಿಗೆ ಹೋಗುವ ಮೆಟ್ಟಿಲಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಒಂದು ಮೀಟರ್ ಲೈನಿಂಗಿಗಾಗಿ ಯಾರೂ ಮೆಟ್ಟಿಲು ಹತ್ತುವುದಿಲ್ಲ ಧಣಿಗಳೇ. ಡಾಕ್ಟರರ ಹತ್ತಿರ ಹತ್ತುತ್ತಾರೆ, ಟ್ಯೂಷನಿಗೆ ಹತ್ತುತ್ತಾರೆ, ಒಳ್ಳೆ ಟೈಲರ್ ಇದ್ದರೆ ಹತ್ತುತ್ತಾರೆ. ಮೇಲಿನ ಮಹಡಿ ಅವರಿಗೆ, ಅವರಿಗೆ ಕೊಡಲು ಆಗುವ ಬಾಡಿಗೆಗೆ. ನೆಲದ ಮಹಡಿ ರಸ್ತೆಗೆ ಮುಖ ಮಾಡಿದ ಸಣ್ಣ ಸಣ್ಣ ರೂಮುಗಳಾಗಿ ಇರಲಿ, ಮುಂದೆ ಮಳೆಗೆ ನಿಲ್ಲಲು ಜಗಲಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ಯುವ ಮಳೆಗೆ ಜಗಲಿ ಇಲ್ಲದ ಅಂಗಡಿಗೆ ಜನ ಬರುವುದು ಹೇಗೆ?

ಒಂದೇ ಸಲ ಎಲ್ಲವನ್ನೂ ಕೆಡವಬೇಡಿ. ಅರ್ಧ ಕಟ್ಟಿ, ಹಳೆಯವರನ್ನು ಅಲ್ಲಿಗೆ ಸೇರಿಸಿ, ಮತ್ತೆ ಉಳಿದರ್ಧ. ಪೂರ್ತಿ ಖಾಲಿ ಮಾಡಿದ ಪೇಟೆಗೆ ಗಿರಾಕಿ ಎರಡು ವರ್ಷ ಬರಲಿಲ್ಲ ಅಂದರೆ ಆಮೇಲೆ ಬರುವ ದಾರಿಯನ್ನೇ ಬದಲಾಯಿಸಿರುತ್ತಾರೆ.

ಹಳೆ ಬಾಡಿಗೆದಾರರ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಅಂತ ನನ್ನ ಅಣ್ಣನ ಮಗ ಓದಿ ಹೇಳಿದ. 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆಯ 11ನೇ ಸೆಕ್ಷನ್. ಮರಳಿ ಕಟ್ಟಲು ಅಂತ ಬಾಡಿಗೆದಾರರನ್ನು ಎಬ್ಬಿಸಬೇಕಾದರೆ ಕಟ್ಟಡ ನಿಜವಾಗಿ ಆ ಸ್ಥಿತಿಯಲ್ಲಿ ಇರಬೇಕು, ಧಣಿಯ ಹತ್ತಿರ ಪ್ಲಾನೂ ಲೈಸೆನ್ಸೂ ಇರಬೇಕು, ಕಟ್ಟುವ ತಾಕತ್ತು ಇದೆ ಅಂತ ಕೋರ್ಟಿಗೆ ತೋರಿಸಬೇಕು, ಎಬ್ಬಿಸಲಿಕ್ಕೆ ಹೂಡಿದ ನೆಪ ಆಗಿರಬಾರದು. ಕಟ್ಟಿದ ಮೇಲೆ ಎದ್ದುಹೋದ ಬಾಡಿಗೆದಾರರಿಗೇ ಮೊದಲು ಕೇಳಬೇಕು, ನ್ಯಾಯವಾದ ಬಾಡಿಗೆ ಕೊಡಲು ಅವರು ತಯಾರಿದ್ದರೆ ಅವರಿಗೇ ಕೊಡಬೇಕು. ಸ್ವಂತಕ್ಕೆ ಬೇಕು ಅಂತ ಕೇಳುವಾಗಲೂ, ಆ ಅಂಗಡಿಯ ಆದಾಯವೇ ಮುಖ್ಯ ಜೀವನೋಪಾಯವಾಗಿದ್ದು ಹತ್ತಿರದಲ್ಲಿ ಬೇರೆ ಸರಿಯಾದ ಜಾಗ ಸಿಗದವರಿಗೆ ರಕ್ಷಣೆ ಇದೆ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಕೋರ್ಟಿಗೆ ಹೋದರೆ ಇಬ್ಬರ ಚಪ್ಪಲಿಯೂ ಸವೆಯುತ್ತದೆ. ಕಾನೂನಿನಲ್ಲಿ ಇದ್ದದ್ದನ್ನೇ ಮೊದಲೇ ಕಾಗದದಲ್ಲಿ ಬರೆದುಕೊಟ್ಟರೆ ನಮ್ಮಲ್ಲಿ ಜಾಸ್ತಿ ಜನ ಜಗಳ ಇಲ್ಲದೆ ಎದ್ದು ನಿಮಗೆ ಜಾಗ ಬಿಟ್ಟುಕೊಡುತ್ತೇವೆ. ಎಷ್ಟು ತಿಂಗಳಲ್ಲಿ ಮುಗಿಸುತ್ತೀರಿ, ಹೊಸ ರೂಮು ಎಷ್ಟು ಅಡಿ, ಎಲ್ಲಿ, ಬಾಡಿಗೆ ಯಾವ ಲೆಕ್ಕದಲ್ಲಿ. ಇಷ್ಟು ಬರೆದ ಒಂದು ಹಾಳೆ ಸಾಕು.

ನನ್ನ ಮಟ್ಟಿಗೆ ಆ ಹಾಳೆ ಇನ್ನೂ ಬಂದಿಲ್ಲ. ಎರಡು ತಿಂಗಳ ಹಿಂದೆ ಬಾಡಿಗೆ ತೆಗೆದುಕೊಳ್ಳಲು ಬಂದವರು ಮೆಟ್ಟಿಲಲ್ಲೇ ನಿಂತು 'ಆರು ತಿಂಗಳಲ್ಲಿ ಬೇರೆ ಜಾಗ ನೋಡಿಕೊಳ್ಳಿ' ಅಂದು ಹೋದರು. ಅಂಗಡಿಯಲ್ಲಿ ಆಗ ಗಿರಾಕಿ ಇದ್ದರು. ಮೂರು ಮೀಟರ್ ಕೊಡಬೇಕಾದಲ್ಲಿ ಎರಡೂವರೆ ಮೀಟರ್ ಕತ್ತರಿಸಿಬಿಟ್ಟೆ. ನಲವತ್ತಕ್ಕೂ ಜಾಸ್ತಿ ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕೊಟ್ಟ ಮನೆಯವರಿಗೆ ಒಂದು ಕಾಗದದಲ್ಲಿ ಬರೆದು ಹೇಳುವಷ್ಟು ಮರ್ಯಾದೆ ಸಿಗಬೇಕಿತ್ತು.

ಕೌನ್ಸಿಲರ್‌ಗಳೇ, ನಿಮ್ಮಲ್ಲಿಯೂ ಕೆಲವು ಬೇಡಿಕೆ ಇದೆ.

ಪೇಟೆಯಲ್ಲಿ ಎಷ್ಟು ರೂಮು ಖಾಲಿ ಇದೆ, ಎಷ್ಟು ದಿನದಿಂದ, ಅಂತ ಒಂದು ಪಟ್ಟಿ ಮಾಡಿಸಿ. ವಾರ್ಡಿಗೆ ಇಬ್ಬರು ಕುಟುಂಬಶ್ರೀ ಮಹಿಳಾ ಸಂಘದವರನ್ನು ಕಳಿಸಿದರೆ ಒಂದು ವಾರದ ಕೆಲಸ. ಧಣಿ ಒಪ್ಪಿದರೆ ಅಳತೆ, ಕೇಳುವ ಬಾಡಿಗೆ, ಫೋನ್ ನಂಬರು ಅದರಲ್ಲಿ ಇರಲಿ, ಬೋರ್ಡಿನಲ್ಲಿ ಹಾಕಿ. ಸಾರ್ವಜನಿಕ ಕಟ್ಟಡಗಳ ರೂಮು ಹರಾಜು ಹಾಕುವಾಗ ಜಾಸ್ತಿ ಕೂಗಿದವರಿಗೆ ಅನ್ನುವುದೊಂದನ್ನೇ ನೋಡಬೇಡಿ. ಹಟಕ್ಕೆ ಕೂಗಿ, ನಡೆಸಲಾಗದೆ ಬೀಗ ಹಾಕಿ ಹೋದರೆ ಯಾರಿಗೆ ಲಾಭ? ಕೆಲವು ರೂಮನ್ನಾದರೂ ಒಂದೆರಡು ತಿಂಗಳ ಬಾಡಿಗೆಗೆ ಕೊಡುವ ಹಾಗೆ ಇಡಿ. ನಮ್ಮ ಕಾಸರಗೋಡು ಸೀರೆಗೆ ಈ ಊರಿನದ್ದೇ ಅನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಪೇಟೆಯ ನಡುವೆ ಓಣಂ ಸಮಯದಲ್ಲಾದರೂ ಅದಕ್ಕೆ ಒಂದು ರೂಮು ಬೇಡವಾ? ತಳಂಗರೆ ತೊಪ್ಪಿ ಹೊಲಿಯುವವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರಿಗೆ ರಂಜಾನ್ ತಿಂಗಳು ಒಂದು ಶಟರ್ ತೆರೆದುಕೊಟ್ಟರೆ ನೂಲು ನಾನು ಕೊಂಡ ಬೆಲೆಗೇ ಕೊಡುತ್ತೇನೆ.

ಬೀದಿ ಬದಿಯವರನ್ನು ನಮ್ಮ ವೈರಿಗಳು ಅಂತ ತೋರಿಸಬೇಡಿ. 2014ರ ಕಾಯ್ದೆ ಪ್ರಕಾರ ಅವರಿಗೆ ಸಮಿತಿ ಇದೆ, ಜಾಗ ಗುರುತಿಸಿ ಕೊಡಬೇಕು ಅಂತ ಇದೆ. ಜಾಗ ಗುರುತಿಸಿ ಕೊಟ್ಟರೆ ಅಂಗಡಿಯ ಬಾಗಿಲಿಗೆ ಅಡ್ಡ ಆಗುವುದಿಲ್ಲ, ಓಣಿಗೆ ಜನವೂ ಬರುತ್ತಾರೆ.

ರೈಲ್ವೆ ಸ್ಟೇಷನಿನ ಕಡೆಯನ್ನೂ ನೋಡಿ. 2023ರ ಏಪ್ರಿಲ್‌ನಲ್ಲಿ ಕೇರಳದ ಮೊದಲ ವಂದೇ ಭಾರತ್ ರೈಲು ತಿರುವನಂತಪುರದಿಂದ ನಮ್ಮ ಕಾಸರಗೋಡಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೃತ್ ಭಾರತ್ ಯೋಜನೆಯಲ್ಲಿ ನಮ್ಮ ಸ್ಟೇಷನಿನ ಕೆಲಸಕ್ಕೂ ಶಂಕುಸ್ಥಾಪನೆ ಆಯಿತು. ಇಳಿದವರು ಪೇಟೆಗೆ ನಡೆದು ಬರುವ ಹಾಗೆ ದಾರಿ ಮಾಡಿ. ಚರಂಡಿಯ ಮೇಲೆ ಅಲುಗಾಡದ ಸ್ಲ್ಯಾಬು, ಬೀದಿದೀಪ, ಹೆಂಗಸರು ಹೋಗುವಂಥ ಟಾಯ್ಲೆಟ್. ಇಡೀ ದಿನ ಅಂಗಡಿಯಲ್ಲಿ ಕೂರುವ ನಮ್ಮಂಥವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇವೆ, ಇದನ್ನು ಬರೆಯಲು ನಾಚಿಕೆ ಪಡುವುದಿಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರು ಅನ್ನುವ ಹಳೆ ಅಂಗಡಿ ಬೀದಿಯನ್ನು 2017ರ ಡಿಸೆಂಬರಿನಲ್ಲಿ ಹೊಸದು ಮಾಡಿ ತೆರೆದರು. ಕಲ್ಲು ಹಾಸಿ, ಕೂರಲು ಬೆಂಚು ಹಾಕಿ, ಹಗಲು ಗಾಡಿಗಳು ಒಳಗೆ ಬಾರದ ಹಾಗೆ ಮಾಡಿದರು. ಹಳೆ ಅಂಗಡಿಗಳನ್ನು ಎಬ್ಬಿಸದೆಯೇ ಆದ ಕೆಲಸ ಅದು. ನಮ್ಮದು ಅಷ್ಟು ದೊಡ್ಡ ಊರಲ್ಲ, ಆದರೆ ಒಂದು ಓಣಿಯಿಂದ ಶುರು ಮಾಡಬಹುದು.

ಮತ್ತೊಂದು ಮಾತು. ಪೇಟೆಯ ಪ್ಲಾನು, ನೋಟೀಸು, ಅರ್ಜಿ ಎಲ್ಲವನ್ನೂ ಕನ್ನಡದಲ್ಲೂ ಕೊಡಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಾದ ನಮಗೆ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಇದೆ. ಧಣಿಗಳೂ ಕರಾರನ್ನು ಬಾಡಿಗೆದಾರರಿಗೆ ಓದಲು ಬರುವ ಭಾಷೆಯಲ್ಲೇ ಬರೆಸಿ, ಕನ್ನಡವೋ ಮಲಯಾಳವೋ. ನಮ್ಮ ಮಾವ ಇಂಗ್ಲಿಷಿನಲ್ಲಿದ್ದ ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅದರಲ್ಲಿ ಏನಿದೆ ಅಂತ ಸಾಯುವವರೆಗೂ ಅವರಿಗೆ ಪೂರ್ತಿ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಸಂಜೆ ಆರು ಗಂಟೆಗೆ ಧಣಿಗಳು, ಕೌನ್ಸಿಲರ್‌ಗಳು ಯಾರಿಗೆ ಬಿಡುವಿದೆಯೋ ಅವರು ನಮ್ಮ ಓಣಿಗೆ ಬನ್ನಿ. ಮೀಟಿಂಗ್ ಬೇಡ, ಮೈಕ್ ಬೇಡ. ಓಣಿಯ ಬಾಯಿಯಿಂದ ಕೊನೆಯವರೆಗೆ ಒಮ್ಮೆ ನಡೆಯೋಣ, ಕತ್ತಲಾಗುವವರೆಗೆ ನಿಲ್ಲೋಣ. ಹತ್ತೊಂಬತ್ತು ರೂಮಿನ ಅಳತೆಯನ್ನೂ ನಾನು ಬರೆದು ಇಟ್ಟಿರುತ್ತೇನೆ. ಊರಲ್ಲಿ ಇಲ್ಲದ ಧಣಿಗಳು ಯಾರನ್ನಾದರೂ ಕಳಿಸಿದರೂ ಆದೀತು. ಪಕ್ಕದ ರೂಮಿನವರು ದಯವಿಟ್ಟು ಕೀ ತನ್ನಿ. ಬೀಗ ತುಕ್ಕು ಹಿಡಿದಿದೆ, ಸುಲಭದಲ್ಲಿ ತೆರೆಯಲಿಕ್ಕಿಲ್ಲ. ಹೊಲಿಗೆ ಮೆಷಿನಿನ ಎಣ್ಣೆ ನಮ್ಮ ಅಂಗಡಿಯಲ್ಲಿ ಇದೆ.

ಇತಿ,
ಹಳೆ ಬಸ್‌ಸ್ಟ್ಯಾಂಡ್ ಹತ್ತಿರದ ಮ್ಯಾಚಿಂಗ್ ಸೆಂಟರಿನಾಕೆ
ಕಾಸರಗೋಡು